ಪ್ರತಿಮೆಯೋ, ಕಾಲೇಜೋ?

ಮುಂಬೈಯಲ್ಲಿ ಕೆಲಸ ಮಾಡೋ ನಮ್ಮ ಎಂಜಿನಿಯರುಗಳಿಗೆ ಗ್ರಾಂಟ್ ರೋಡ್ ಸ್ಟೇಷನ್ ಚೆನ್ನಾಗಿ ಗೊತ್ತು. ಇಳಿದು ಸ್ವಲ್ಪ ನಡೆದರೆ ಲ್ಯಾಮಿಂಗ್ಟನ್ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳು. ಎರಡೂ ಬ್ರಿಟಿಷ್ ಗವರ್ನರುಗಳ ಹೆಸರು. ದಾಖಲೆಯಲ್ಲಿ ಒಂದು ಮೌಲಾನಾ ಶೌಕತ್ ಅಲಿ ರಸ್ತೆ, ಇನ್ನೊಂದು ಡಾ. ಭಡಕಮಕರ್ ಮಾರ್ಗ ಆಗಿದ್ದರೂ ಜನರ ಬಾಯಲ್ಲಿ ಹಳೇ ಹೆಸರೇ.

ಇವತ್ತಿನ ನನ್ನ ಪ್ರಶ್ನೆ ಇಷ್ಟೇ. ದೊಡ್ಡವರೊಬ್ಬರು ತೀರಿಕೊಂಡಾಗ ಅವರ ನೆನಪಿಗೆ ಏನು ಮಾಡಬೇಕು? ಈ ಊರಲ್ಲೇ ಎರಡು ಉದಾಹರಣೆ ಇವೆ.

ಮೊದಲನೆಯದು ಲಾರ್ಡ್ ಕಾರ್ನ್‌ವಾಲಿಸ್. ನಮಗೆ ಮರೆಯೋ ಹೆಸರಲ್ಲ. 1792ರಲ್ಲಿ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪುವಿನ ಅರ್ಧ ರಾಜ್ಯ, ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ, ಜೊತೆಗೆ ಒತ್ತೆಯಾಗಿ ಇಬ್ಬರು ಮಕ್ಕಳನ್ನು ಪಡೆದವನು. 1805ರಲ್ಲಿ ಘಾಜಿಪುರದಲ್ಲಿ ಸತ್ತ. ಲಂಡನ್ನಿನ ಸೇಂಟ್ ಪಾಲ್ಸ್ ಕೆಥೆಡ್ರಲ್‌ನಲ್ಲಿ ಅವನಿಗೆ ದೊಡ್ಡ ಸ್ಮಾರಕವಿದೆ: ಮೇಲೆ ಅವನು, ಕೆಳಗೆ ಬ್ರಿಟಾನಿಯಾ ಮತ್ತು ಭಾರತದ ನದಿಗಳ ಆಕೃತಿಗಳು. ಬಾಂಬೆಯ ಕೋಟೆಯಲ್ಲೂ ಅಮೃತಶಿಲೆಯ ಪ್ರತಿಮೆ ಇಟ್ಟರು. ಜನ ಅದನ್ನು ದೇವರೆಂದು ತಿಳಿದು ಹೂವು ಏರಿಸಿದರು! ಸ್ವಾತಂತ್ರ್ಯದ ನಂತರ ಪೆಟ್ಟು ತಿಂದ ಆ ಪ್ರತಿಮೆ ಈಗ ಬೈಕುಲಾದ ಮ್ಯೂಸಿಯಮ್ಮಿನ ಹಿಂದಿನ ಅಂಗಳದಲ್ಲಿದೆ.

ಎರಡನೆಯದು ಸರ್ ರಾಬರ್ಟ್ ಗ್ರಾಂಟ್. 1835ರಿಂದ ಬಾಂಬೆಯ ಗವರ್ನರ್. ವೈದ್ಯಕೀಯ ಕಾಲೇಜು ಬೇಕು ಅಂತ ಹಟ ಹಿಡಿದಿದ್ದರು. ಅದನ್ನು ನೋಡುವ ಮೊದಲೇ 1838ರಲ್ಲಿ ಪುಣೆ ಹತ್ತಿರದ ದಾಪೋಡಿಯಲ್ಲಿ ತೀರಿಕೊಂಡರು. ಅವರ ಸ್ಮಾರಕಕ್ಕೆ ಸೇರಿಸಿದ ಹಣವನ್ನು ಆ ಕಾಲೇಜಿಗೇ ಕೊಡೋಣ ಎಂದು ಊರಿನ ಗಣ್ಯರು ನಿರ್ಧರಿಸಿದರು. ಕಂಪನಿ ಸರ್ಕಾರವೂ ಪಾಲು ಹಾಕಿತು. 1845ರಲ್ಲಿ ಗ್ರಾಂಟ್ ಮೆಡಿಕಲ್ ಕಾಲೇಜು ಶುರುವಾಯ್ತು. ಪಕ್ಕದ ಆಸ್ಪತ್ರೆಗೆ ಜಮ್ಶೆಟ್ಜಿ ಜೀಜೀಭಾಯಿ ಒಂದು ಲಕ್ಷ ರೂಪಾಯಿ ಕೊಟ್ಟಿದ್ದರು. ಇವತ್ತಿನ ಜೆ.ಜೆ. ಆಸ್ಪತ್ರೆ ಅದೇ.

ಆ ಕಾಲೇಜಿನ ಮೊದಲ ತಂಡದಲ್ಲಿ ಪಾಸಾದವರಲ್ಲಿ ಒಬ್ಬರು ಡಾ. ಭಾವು ದಾಜಿ ಲಾಡ್. ಬೈಕುಲಾದ ಮ್ಯೂಸಿಯಂ ಕಟ್ಟಲೂ ದುಡಿದವರು. 1872ರಲ್ಲಿ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಹೆಸರಲ್ಲಿ ತೆರೆದ ಅದಕ್ಕೆ 1975ರಲ್ಲಿ ಅವರದೇ ಹೆಸರಿಟ್ಟರು. ಅಂದರೆ, ಗ್ರಾಂಟ್ ನೆನಪಿನ ಕಾಲೇಜಲ್ಲಿ ಓದಿದವರ ಹೆಸರಿನ ಅಂಗಳದಲ್ಲಿ ಕಾರ್ನ್‌ವಾಲಿಸ್ ಆಶ್ರಯ ಪಡೆದಿದ್ದಾನೆ.

ಇದೆಲ್ಲ ಯಾಕೆ ಹೇಳ್ತಿದ್ದೀನಿ? ನಮ್ಮ ಸಂಘಗಳಲ್ಲೂ ಹಿರಿಯರು ಒಬ್ಬೊಬ್ಬರಾಗಿ ಹೋಗ್ತಿದ್ದಾರೆ. ಹಗಲು ಹೋಟೆಲಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಓದಿ, ಆಮೇಲೆ ಬಂದ ನಮಗೆ ನೆಲೆ ಮಾಡಿಕೊಟ್ಟವರು. ತಕ್ಷಣ ಬರೋ ಸಲಹೆ, "ಒಂದು ಪ್ರತಿಮೆ ಮಾಡ್ಸೋಣ." ಅದು ಸುಲಭ ಕೂಡ: ಒಂದು ಸಲ ಚಂದಾ, ಒಂದು ದಿನ ಅನಾವರಣ, ಒಂದು ಗ್ರೂಪ್ ಫೋಟೋ. ವಿದ್ಯಾರ್ಥಿವೇತನ ಹಾಗಲ್ಲ. ಪ್ರತಿ ಜೂನ್‌ನಲ್ಲಿ ಅರ್ಜಿ ನೋಡಬೇಕು, ಲೆಕ್ಕ ಇಡಬೇಕು, ಫೋನ್ ಮಾಡಬೇಕು. ರಿಲೀಸ್ ಮಾಡೋದಕ್ಕೆ ಎಲ್ಲರೂ ಇರ್ತಾರೆ, ಸಪೋರ್ಟಿಗೆ ಯಾರೂ ಇರಲ್ಲ. ಇದು ನಮಗೇನು ಹೊಸದಲ್ಲ.

ಆದ್ದರಿಂದ ಹಣಕ್ಕಿಂತ ಮೊದಲು ಹೆಸರು ಕೊಡಿ. ವರ್ಷಕ್ಕೆ ನಾಲ್ಕು ಭಾನುವಾರ ಕೂತು ಆ ಕೆಲಸ ಮಾಡೋರು ಐದು ಜನ ಸಿಕ್ಕರೆ ಸಾಕು. ಸಿಗದಿದ್ದರೆ ಪ್ರತಿಮೆಯೇ ನಿಲ್ಲುತ್ತೆ. ಕೆಲವು ವರ್ಷಗಳಲ್ಲಿ ಅದರ ಮೇಲಿನ ಧೂಳು ಒರೆಸೋರೂ ಇರಲ್ಲ.