ಜಕ್ಕೂರು ನಮಗೆ ದೂರವಲ್ಲ

(ಸುವರ್ಣ ಮಹೋತ್ಸವದಲ್ಲಿ ಮಾಡಿದ ಭಾಷಣ)



ನಾನು ಸಾಫ್ಟ್‌ವೇರ್ ಕೆಲಸದವನು. ಆದರೂ ಇವತ್ತು ವಿಮಾನದ ಬಗ್ಗೆ ಎರಡು ಮಾತು ಆಡುತ್ತೇನೆ.

1940ರಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಜೊತೆಗೂಡಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ಕಟ್ಟಿದರು. ಅದೇ ಇಂದಿನ ಎಚ್.ಎ.ಎಲ್. ಸ್ವಾತಂತ್ರ್ಯ ಬಂದ ಹೊಸದರಲ್ಲೇ ಮೈಸೂರು ಸರ್ಕಾರ ಜಕ್ಕೂರಿನಲ್ಲಿ ವಿಮಾನ ಹಾರಿಸುವುದನ್ನು ಕಲಿಸುವ ಶಾಲೆ ತೆರೆಯಿತು. 1951ರಲ್ಲಿ ಡಾ. ವಿ.ಎಂ. ಘಾಟಗೆಯವರ ತಂಡ ರೂಪಿಸಿದ ಎಚ್‌ಟಿ-2 ತರಬೇತಿ ವಿಮಾನ ಹಾರಿತು. ಅದೇ ವರ್ಷ ಡಿಸೆಂಬರ್ 25ರಂದು ಮಂಗಳೂರಿನ ಬಜ್ಪೆ ನಿಲ್ದಾಣಕ್ಕೆ ನೆಹರೂ ಬಂದಿಳಿದರು. ಕಲಬುರಗಿಗೆ 2019ರಲ್ಲಿ, ಶಿವಮೊಗ್ಗಕ್ಕೆ 2023ರಲ್ಲಿ ವಿಮಾನ ಬಂತು.

ಮಕ್ಕಳೇ, ಜಕ್ಕೂರಿನದು ಸರ್ಕಾರಿ ಶಾಲೆ. ನಮ್ಮದೂ ಸರ್ಕಾರಿ ಶಾಲೆ. ನಾನು ಇಲ್ಲಿ ಓದುವಾಗ ಜಕ್ಕೂರಿನ ಹೆಸರೇ ಕಿವಿಗೆ ಬಿದ್ದಿರಲಿಲ್ಲ. ಬುದ್ಧಿವಂತರಿಗೆ ಡಾಕ್ಟರು, ಎಂಜಿನಿಯರು ಎರಡೇ ದಾರಿ ಎಂದುಕೊಂಡಿದ್ದೆವು.

ವಾಣಿಜ್ಯ ಪೈಲಟ್ ಆಗಲು ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಬೇಕು. ವೈದ್ಯಕೀಯ ಪರೀಕ್ಷೆ ಪಾಸಾಗಬೇಕು. 200 ಗಂಟೆ ಹಾರಾಟ ಆಗಬೇಕು. ಖರ್ಚು ಹಲವು ಲಕ್ಷ, ಅದನ್ನು ಮುಚ್ಚಿಡುವುದಿಲ್ಲ. ಆದರೆ ವಿಮಾನ ರಿಪೇರಿ, ಹಾರಾಟ ನಿಯಂತ್ರಣದಂಥ ಕೆಲಸಗಳೂ ಇವೆ. ಹತ್ತನೇ ತರಗತಿಯಾದ ಮೇಲೆ ಹೆದರಿ ಗಣಿತ ಬಿಟ್ಟವರಿಗೆ ಈ ಬಾಗಿಲುಗಳೆಲ್ಲ ಕಿರಿದಾಗುತ್ತವೆ.

ಮರದ ಗೊಂಬೆಗೆ ಅರಗಿನ ಬಣ್ಣ ಕೂರಿಸುವ ಚನ್ನಪಟ್ಟಣದ ಕೈಗಳಿಗೆ ಯಂತ್ರ ಹೊಸದಲ್ಲ. ಹಳೆಯ ವಿದ್ಯಾರ್ಥಿಗಳಾದ ನಾವು ಅನುಮತಿ ಪಡೆದು, ಬಸ್ಸು ಮಾಡಿ, ಪ್ರತಿವರ್ಷ ಹತ್ತನೇ ತರಗತಿಯವರನ್ನು ಜಕ್ಕೂರಿಗೆ ಕರೆದೊಯ್ಯೋಣ. ಮೊದಲ ವರ್ಷದ ಬಸ್ಸಿನ ಖರ್ಚು ನನ್ನದು. ಹೆಣ್ಣುಮಕ್ಕಳನ್ನೂ ತಪ್ಪದೆ ಕಳುಹಿಸಿ ಎಂದು ತಾಯಂದಿರಲ್ಲಿ ಕೇಳಿಕೊಳ್ಳುತ್ತೇನೆ.