ಮೈಯೊಳಗಿನ ಸ್ಟೀಲ್ ಸವೆಯುತ್ತಾ?

ಮೂಳೆ ಮುರಿದವರಿಗೆ ‘ರಾಡ್ ಹಾಕಿದಾರೆ’, ‘ಪ್ಲೇಟ್ ಹಾಕಿದಾರೆ’ ಅಂತೀವಿ. ಅದು ಯಾವ ಲೋಹ ಅಂತ ಕೇಳೋರು ಕಡಿಮೆ. ಸ್ಟೀಲ್‌ಗೊಂದು ರೇಟು, ಟೈಟಾನಿಯಂಗೊಂದು ರೇಟು ಅಂದಾಗ ಮಾತ್ರ ಮನೆಯವರಿಗೆ ದಿಗಿಲಾಗುತ್ತೆ: ಕಡಿಮೆ ದುಡ್ಡಿನದು ಒಳಗೇ ಸವೆದುಹೋದ್ರೆ?

ಇಂಪ್ಲಾಂಟ್‌ಗೆ ಹೆಚ್ಚಾಗಿ ಬಳಸೋ ಸ್ಟೀಲ್ 316ಎಲ್. ಕಬ್ಬಿಣದ ಜೊತೆ ಶೇ 17ರಿಂದ 19ರಷ್ಟು ಕ್ರೋಮಿಯಂ, ಶೇ 13ರಿಂದ 15ರಷ್ಟು ನಿಕ್ಕಲ್, ಸ್ವಲ್ಪ ಮಾಲಿಬ್ಡಿನಂ. ಕ್ರೋಮಿಯಂ ಆಮ್ಲಜನಕದ ಜೊತೆ ಸೇರಿ ಮೇಲ್ಮೈಯಲ್ಲಿ ಕೆಲವೇ ನ್ಯಾನೋಮೀಟರ್ ದಪ್ಪದ ಪದರ ಕಟ್ಟುತ್ತೆ. ತುಕ್ಕು ತಡೆಯೋದು ಅದೇ. ಗೀರು ಬಿದ್ದರೂ ತಾನಾಗೇ ಮತ್ತೆ ಕಟ್ಟಿಕೊಳ್ಳುತ್ತೆ.

ತೊಂದರೆ ಇರೋದು ಉಜ್ಜಾಟದಲ್ಲಿ. ಸ್ಕ್ರೂ ತಲೆ ಪ್ಲೇಟಿನ ತೂತಿನಲ್ಲಿ ಕೂತಿರುತ್ತಲ್ಲ, ಪ್ರತಿ ಹೆಜ್ಜೆಗೂ ಅಲ್ಲಿ ಕಣ್ಣಿಗೆ ಕಾಣದಷ್ಟು ಅಲುಗಾಟ. ಪದರ ಕಟ್ಟೋದು, ಹರಿಯೋದು, ಮತ್ತೆ ಕಟ್ಟೋದು. ಆ ಸಂದಿಗೆ ಮೈಯ ಉಪ್ಪುದ್ರವ ಸೇರಿದರೆ ಸವೆತ, ತುಕ್ಕು ಎರಡೂ ಒಟ್ಟಿಗೆ. ಲೋಹದ ಪುಡಿ, ನಿಕ್ಕಲ್ ಅಂಶ ಸುತ್ತಲಿನ ಮಾಂಸಕ್ಕೆ ಸೇರಬಹುದು.

ಹಾಗಾದ್ರೆ ಟೈಟಾನಿಯಂ ಸವೆಯಲ್ವಾ? ಇಲ್ಲೇ ಇರೋದು ಮಜಾ. ಹಗುರ, ನಿಕ್ಕಲ್ ಇಲ್ಲ, ಎಂಆರ್‌ಐನಲ್ಲಿ ಚಿತ್ರ ಕೆಡಿಸೋದು ಕಡಿಮೆ, ಎಲ್ಲಾ ನಿಜ. ಆದ್ರೆ ಉಜ್ಜಾಟಕ್ಕೆ ಅದು ದುರ್ಬಲ. ಅದಕ್ಕೇ ಸೊಂಟದ ಕೀಲಿನ ಗುಂಡಿಗೆ ಸಾಮಾನ್ಯವಾಗಿ ಬರಿ ಟೈಟಾನಿಯಂ ಹಾಕಲ್ಲ. ಕೋಬಾಲ್ಟ್-ಕ್ರೋಮಿಯಂ ಅಥವಾ ಸೆರಾಮಿಕ್ ಹಾಕ್ತಾರೆ.

ಇಂಗ್ಲೆಂಡಿನ ಡಾ. ಜಾನ್ ಚಾರ್ನ್ಲಿ ಸ್ಟೀಲ್ ಗುಂಡನ್ನೇ ಬಳಸಿದ್ರು. ಮೊದಲು ಅದರ ಎದುರು ಟೆಫ್ಲಾನ್ ಬಟ್ಟಲು ಇಟ್ಟರು. ಕೆಲವೇ ವರ್ಷದಲ್ಲಿ ಬಟ್ಟಲು ಸವೆದು ಕೀಲು ಸಡಿಲವಾಯ್ತು. 1962ರಲ್ಲಿ ಪಾಲಿಎಥಿಲೀನ್ ಬಟ್ಟಲಿಗೆ ಬದಲಾಯಿಸಿದ ಮೇಲೆ ಆಪರೇಷನ್ ಗೆದ್ದಿತು. ಅಂದ್ರೆ ಸವೆತ ಒಂದು ಲೋಹದ ಗುಣ ಅಲ್ಲ, ಜೋಡಿಯ ಗುಣ.

ಸ್ಟೀಲನ್ನೇ ಗಟ್ಟಿ ಮಾಡೋ ದಾರಿಯೂ ಇದೆ, ಪ್ಲಾಸ್ಮಾ ನೈಟ್ರೈಡಿಂಗ್. ಸುಮಾರು 450 ಡಿಗ್ರಿ ಸೆಲ್ಸಿಯಸ್ ಒಳಗೆ ಮೇಲ್ಮೈಗೆ ಸಾರಜನಕ ಸೇರಿಸಿದರೆ ಗಡಸುತನ ಹಲವು ಪಟ್ಟು ಏರುತ್ತೆ. ಶಾಖ ಮಿತಿಮೀರಿದರೆ ಕ್ರೋಮಿಯಂ ಸಾರಜನಕದ ಪಾಲಾಗಿ, ತುಕ್ಕು ತಡೆಯೋ ಶಕ್ತಿಯೇ ಕುಗ್ಗುತ್ತೆ.

ಹಾಗಾಗಿ ರೇಟು ನೋಡಿ ಹೆದರಬೇಡಿ, ಡಾಕ್ಟರ್‌ನ ಕೇಳಿ: ಇದು ಮೂಳೆ ಕೂಡೋವರೆಗೆ ಮಾತ್ರವಾ, ಜೀವನಪೂರ್ತಿಯಾ? ಪ್ಲೇಟು, ಸ್ಕ್ರೂ ಒಂದೇ ಲೋಹದ್ದಾ? ನಿಕ್ಕಲ್ ಒಡವೆಯಿಂದ ತುರಿಕೆ ಬರೋರು ಮೊದಲೇ ತಿಳಿಸಿ. ಇಂಪ್ಲಾಂಟ್ ಸ್ಟಿಕ್ಕರ್ ಇರೋ ಡಿಸ್‌ಚಾರ್ಜ್ ಫೈಲ್ ಜೋಪಾನ ಮಾಡಿ. ಮುಂದೆ ತೆಗೆಯೋ ಡಾಕ್ಟರ್‌ಗೆ ಬೇಕಾಗೋದು ಅದೇ.

ಸಿಗೋಣ, ಮುಂದಿನ ಎಪಿಸೋಡ್‌ನಲ್ಲಿ.