ಹೆಣೆದವರು ಕೂರದ ಕುರ್ಚಿ

(ಕೊಪ್ಪದ ಶರಣ ಚಿಂತನ ಗೋಷ್ಠಿಯಲ್ಲಿ ನಿವೃತ್ತ ಶಿಕ್ಷಕರೊಬ್ಬರು ಆಡಿದ ಮಾತುಗಳ ಬರಹರೂಪ)

 

ಕಾಯಕದ ಬಗ್ಗೆ ಮಾತನಾಡಿ ಎಂದಿದ್ದಾರೆ. 33 ವರ್ಷ ಪಾಠ ಹೇಳಿದವನಿಗೆ ಮಾತಿಗೇನೂ ಬರವಿಲ್ಲ. ಆದರೆ ಇವತ್ತು ಒಂದು ಕುರ್ಚಿಯ ವಿಷಯ ಮಾತ್ರ ಹೇಳುತ್ತೇನೆ.

ನಮ್ಮ ತಂದೆಯವರದು ಬೀಟೆ ಮರದ ಕುರ್ಚಿ. ಕೂರುವ ಜಾಗಕ್ಕೆ ಬೆತ್ತದ ಹೆಣಿಗೆ. ಅದು ಹರಿದು 18 ವರ್ಷವಾಗಿತ್ತು. “ಅದನ್ನೊಂದು ಹೆಣೆಸೋ” ಎಂದು ತಂದೆ ಹೇಳುತ್ತಲೇ ಇದ್ದರು. ನಾನು ಹೂಂಗುಟ್ಟುತ್ತಲೇ ಇದ್ದೆ. ಅವರು ಲಿಂಗೈಕ್ಯರಾದ ಮೇಲೆ ಕುರ್ಚಿ ಅಟ್ಟ ಸೇರಿತು. ನಿವೃತ್ತನಾದ ವರ್ಷ ನಾನೇ ಹೆಣೆಯುತ್ತೇನೆಂದು ಕೆಳಗಿಳಿಸಿದೆ. ಒಣ ಬೆತ್ತವನ್ನು ಎಳೆದೆ, ಪಟಪಟನೆ ತುಂಡಾಯಿತು. ಮತ್ತೆ ಅಟ್ಟ.

ಕಳೆದ ಆಷಾಢದಲ್ಲಿ ನರಸಿಂಹರಾಜಪುರದ ಕಡೆಯ ಮೇದಾರ ಅಜ್ಜ ಒಬ್ಬರನ್ನು ಮನೆಗೆ ಕರೆತಂದೆ. ಹಿಂದೆ ಈ ಕುರ್ಚಿ ಹೆಣೆದವರು ಅವರ ತಂದೆ.

“ಮೇಷ್ಟ್ರೇ, ನೆನೆಸದಿದ್ರೆ ಬೆತ್ತ ಮಾತು ಕೇಳಲ್ಲ” ಎಂದರು ಅಜ್ಜ. ಬೆತ್ತ ಬಿದಿರಿನ ಜಾತಿಯಲ್ಲ. ನಮ್ಮ ಅಡಿಕೆ, ತೆಂಗಿನ ಬಳಗಕ್ಕೆ ಸೇರಿದ ಮುಳ್ಳಿನ ಬಳ್ಳಿ. ಸೀಳಿದ ಎಳೆಯನ್ನು ನೀರಲ್ಲಿ ನೆನೆಸಿ, ಹೊಳಪಿನ ಮುಖ ಮೇಲೆ ಬರುವಂತೆ ಚೌಕಟ್ಟಿನ ತೂತುಗಳಲ್ಲಿ ಪೋಣಿಸಿ, ಬೆಣೆ ಕೊಟ್ಟು ಬಿಗಿದರು. ಮೊದಲು ಉದ್ದದ ಎಳೆ, ಅದರ ಮೇಲೆ ಅಡ್ಡದ್ದು, ಮತ್ತೆ ಉದ್ದ. ನಾಲ್ಕನೆಯ ಸಲದಿಂದ ನಿಜವಾದ ಹೆಣಿಗೆ. ಐದು, ಆರನೆಯವು ಓರೆ ಎಳೆಗಳು. ಆಗ ಎಂಟು ಮೂಲೆಯ ಕಣ್ಣುಗಳು ಮೂಡುತ್ತವೆ. ಕೊನೆಗೆ ಅಂಚಿನ ಪಟ್ಟಿ. ಓರೆ ಎಳೆ ಹಾದಿ ತಪ್ಪಿದರೆ ಸಿಕ್ಕಿಕೊಂಡು, ಉಜ್ಜಿ, ಬೇಗ ಹರಿಯುತ್ತದೆ. ನಾನು ಎರಡು ಸಾಲು ತಪ್ಪಿದೆ; ಅಜ್ಜ ಬಿಚ್ಚಿಸಿದರು. ಮೂರು ದಿನ ಹಿಡಿಯಿತು.

ಮುಗಿದಾಗ ಅಜ್ಜ ಹೆಣಿಗೆಯ ಮೇಲೆ ಅಂಗೈ ಊರಿ ಒತ್ತಿ ನೋಡಿದರು. “ಗಟ್ಟಿಯಾಯ್ತು” ಎಂದರು. ಆ ಅಂಗೈ ಕಂಡು ನನಗೆ 55 ವರ್ಷದ ಹಿಂದಿನದು ನೆನಪಾಯಿತು. ಅವರ ತಂದೆಯೂ ಹೀಗೇ ಒತ್ತಿ ನೋಡಿದ್ದರು. ಕೂತು ನೋಡಿರಲಿಲ್ಲ. ನಮ್ಮ ಜಗಲಿ ಹತ್ತುವಂತಿರಲಿಲ್ಲ. ಅಂಗಳದಲ್ಲೇ ಕೂತು ಹೆಣೆದು, ಬೇರೆ ಲೋಟದಲ್ಲಿ ಕಾಫಿ ಕುಡಿದು, ತಾವೇ ತೊಳೆದಿಟ್ಟು ಹೋಗಿದ್ದರು. ಕೊರಳಲ್ಲಿ ಇಷ್ಟಲಿಂಗ, ನಾಲಿಗೆಯ ಮೇಲೆ ವಚನ ಇದ್ದ ಮನೆ ನಮ್ಮದು. 12ನೆಯ ಶತಮಾನದ ಮೇದಾರ ಕೇತಯ್ಯ ಶರಣರು ಬಿದಿರಿನ ಕಾಯಕದವರೆಂದು ನಾನೇ ಮಕ್ಕಳಿಗೆ ಪಾಠ ಹೇಳಿದ್ದೇನೆ.

ಇಷ್ಟು ವರ್ಷ ಬಿಡುವಿಲ್ಲ ಎಂದುಕೊಳ್ಳುತ್ತಿದ್ದೆ. ಬಿಡುವಿತ್ತು. ಆ ಮನೆಯವರನ್ನು ಕರೆದರೆ ಎಲ್ಲಿ ಕೂರಿಸುವುದು ಎಂದು ತಂದೆಯವರ ಎದುರು ಹೇಳುವ ಧೈರ್ಯ ನನಗಿರಲಿಲ್ಲ. ಅದಕ್ಕೇ ಕುರ್ಚಿ ಹರಿದೇ ಇತ್ತು.

“ಅಜ್ಜಾ, ಕೂತು ನೋಡಿ” ಎಂದೆ.

“ನಮಗ್ಯಾಕೆ ಬಿಡಿ ಮೇಷ್ಟ್ರೇ.”

ನಮ್ಮ ಮನೆಯವರು ಕಾಫಿ ತಂದು ಕುರ್ಚಿಯ ಪಕ್ಕದ ಸ್ಟೂಲಿನ ಮೇಲಿಟ್ಟು, “ಕೂತ್ಕೊಳ್ಳಿ ಅಜ್ಜಾ, ಆರಿ ಹೋಗುತ್ತೆ” ಎಂದರು. ಅಜ್ಜ ಕೂತರು. ಮೊದಲು ಅಂಚಿಗೆ, ಸ್ವಲ್ಪ ಹೊತ್ತಿನ ಮೇಲೆ ಬೆನ್ನು ಒರಗಿಸಿ.

ಇದು ದೊಡ್ಡ ಕೆಲಸವೆಂದು ಹೇಳಲು ಬಂದಿಲ್ಲ. ಅವರ ತಂದೆಯವರಿಗೆ ಇದು ಸಿಗಲಿಲ್ಲ. ನಿಮ್ಮ ಅಟ್ಟದಲ್ಲೂ ಇಂಥದ್ದೊಂದು ಕುರ್ಚಿ ಇದ್ದೀತು. ಇಳಿಸಿ, ಹೆಣೆಸಿ. ಕೂಲಿಯನ್ನು ಪೂರ್ತಿ ಕೊಡಿ. ಕೊಡುವ ಮುಂಚೆ ಹೆಣೆದವರನ್ನು ಅದರಲ್ಲಿ ಕೂರಿಸಿ.